ಬಿಸಿಲಿನ ಪೇಶಂಟ್

"ಸರಿಯಾಗಿ ಬೀಳ, ಬೋಳಿ! ಮೂರ್ಛಿ ಬಂದಾಕಿ ಹಿಂಗ ಕುಂತಕೊಂತ ಬೀಳತಾಳೇನ?"

ಸಾಹುಕಾರ ಗುರುಪಾದಪ್ಪ ಶಾಮಿಯಾನದ ನೆರಳಿನಿಂದಲೇ ಬೈದ. ಬೀಡಿ ಎಂಬ ಊರಿನ ಅವನ ಹೊಲದಲ್ಲಿ ಮುಂಜಾನೆಯಿಂದ ಕಬ್ಬು ಕಡಿಯುತ್ತಿದ್ದ ಮದರಬೀಯನ್ನು ಕರೆತಂದು ಬದುವಿನ ಮೇಲೆ ಬೀಳಲು ಹೇಳಿದ್ದರು. ಬಿಸಿಲು ಬಡಿದ ಕೂಲಿಗಳನ್ನು ಉಳಿಸುವುದು ಹೇಗೆಂದು ಬೆಳಗಾವಿಯ ನರ್ಸಿಂಗ್ ಹುಡುಗಿಯರಿಗೆ ಅವತ್ತು ಹೊಲದಲ್ಲೇ ಪಾಠ. ಅದಕ್ಕೆ ಮೂರ್ಛೆ ಬಂದಂತೆ ನಟಿಸುವ ಒಬ್ಬ ಪೇಶಂಟ್ ಬೇಕಿತ್ತು.

ಹುಡುಗಿಯರ ಸಾಲಿನ ಕೊನೆಗೆ ನಿಂತಿದ್ದ ಶಗುಫ್ತಾ ಮದರಬೀಯ ಮಗಳು. ಕಾಲೇಜಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ತನ್ನ ಮನೆ ಬೆಳಗಾವಿಯ ಅನಗೋಳದಲ್ಲಿ, ತಾಯಿ ಬಟ್ಟೆ ಹೊಲಿಯುತ್ತಾಳೆ ಎಂದಿದ್ದಳು. ಹುಡುಗಿಯರು ಬಸ್ಸಿಳಿದಾಗ ಮಗಳ ಬಿಳಿ ಯೂನಿಫಾರ್ಮ್ ನೋಡಿ ನಗಲು ಹೋದ ಮದರಬೀ, ಮಗಳು ಮುಖ ತಿರುಗಿಸಿದ್ದು ಕಂಡು ಮುಖಕ್ಕೆ ಸೆರಗು ಎಳೆದುಕೊಂಡಿದ್ದಳು.

"ಮೊದಲ ನೆರಳಿಗೆ ಒಯ್ಯಬೇಕು, ಆಮ್ಯಾಲೆ ಮೈಗೆಲ್ಲಾ ತಣ್ಣೀರ," ನರ್ಸಿಂಗ್ ಕಾಲೇಜಿನ ಅಲಕಾ ಮೇಡಂ ವಿವರಿಸತೊಡಗಿದರು. "ಸದ್ಯ ಇಲ್ಲೇ ಇರ್ಲಿ. ಫೋಟೋದಾಗ ಹೊಲ ಕಾಣಬೇಕು."

ಪಾಠ ಲಂಬಿಸಿತು. ತಾಯಿಯ ಮುಖ ಬಿಸಿಲಿಗೆ ಕೆಂಡವಾಗಿತ್ತು. ಮೊದಲು ಬೆವರಿನಿಂದ ತೊಯ್ದಿದ್ದ ರವಿಕೆ ಈಗ ಒಣಗಿತ್ತು. ಬೆವರು ನಿಂತರೆ ಜೀವಕ್ಕೆ ಅಪಾಯ ಎಂದು ಶಗುಫ್ತಾ ಓದಿದ್ದಳು. ಹೇಳಬೇಕು ಅಂದುಕೊಂಡಳು. ಹೇಳಿದರೆ ಎಲ್ಲರೂ ತನ್ನತ್ತ ತಿರುಗುತ್ತಾರೆ.

"ಬೇಟಾ... ಪಾನಿ..." ಮದರಬೀ ತೊದಲಿದಳು.

"ಎಷ್ಟ ಛಲೋ ಆಕ್ಟಿಂಗ್ ಮಾಡತಾಳ!" ಅಂದಳು ಟಿಳಕವಾಡಿಯ ಸಹಪಾಠಿ ಕೇತಕಿ. ಹುಡುಗಿಯರು ಚಪ್ಪಾಳೆ ತಟ್ಟಿದರು. ಶಗುಫ್ತಾಳ ಕೈಗಳೂ ತಟ್ಟಿದವು.

ಮದರಬೀಯ ಕೈಕಾಲು ಅದುರತೊಡಗಿದವು. ಜೊತೆಯಲ್ಲಿ ಕಬ್ಬು ಕಡಿಯುವ ಸಿದ್ದಕ್ಕ ಕುಡಗೋಲು ಹಿಡಿದೇ ಓಡಿಬಂದಳು.

"ಏ ನಿಮ್ಮೌನ, ಆಕಿ ನಾಟಕ ಮಾಡಾಕತ್ತಿಲ್ಲ, ಸಾಯಾಕತ್ತಾಳ!" ಶಗುಫ್ತಾಳತ್ತ ತಿರುಗಿದಳು. "ನಿಂತ ನೋಡತಿಯೇನ? ಹಡದಾಕಿ ಗುರುತ ಸಿಗಲಿಲ್ಲೇನ ನಿನಗ?"

"ಅಮ್ಮಿ!" ಶಗುಫ್ತಾ ಮೊಣಕಾಲೂರಿ ಬಿದ್ದಳು. ತಾಯಿಯ ಮೈ ಕಾದ ಹಂಚಿನಂತಿತ್ತು. "ಹಿಡೀರಿ, ಶಾಮಿಯಾನದಾಗ ಒಯ್ಯೂಣು!"

ಗುರುಪಾದಪ್ಪ ಅಡ್ಡ ನಿಂತ. "ಇಲ್ಲಿ ತರಬ್ಯಾಡ್ರಿ. ಪಾಠ ನೋಡಾಕ ಸಾಹೇಬ್ರು ಬರೂ ಹೊತ್ತಾತು. ಆ ಬೇವಿನ ಗಿಡದ ಬುಡಕ ಒಯ್ರಿ."

ಬೇವಿನ ಗಿಡ ಹೊಲದ ಆ ತುದಿಗಿತ್ತು. ಸಿದ್ದಕ್ಕ ಶಾಮಿಯಾನದ ಹಗ್ಗಗಳಿಗೆ ಕುಡಗೋಲು ಹಾಕಿದಳು. ಬಟ್ಟೆ ಕುಸಿದು ಸಾಹುಕಾರನ ತಲೆಯ ಮೇಲೆ ಬಿತ್ತು. ಕೂಲಿ ಹೆಂಗಸರು ಅದನ್ನು ಎಳೆದೊಯ್ದು ಮದರಬೀಯ ಮೇಲೆ ನಾಲ್ಕೂ ಕಡೆ ಎತ್ತಿ ಹಿಡಿದರು. ಅಲಕಾ ಮೇಡಂ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ಅದು ದೂರದ ಖಾನಾಪುರದಿಂದ ಬರಬೇಕಿತ್ತು.

ಅತಿಥಿಗಳಿಗೆಂದು ಇಟ್ಟಿದ್ದ ತಣ್ಣೀರಿನ ಕ್ಯಾನು ಎಳೆದು ಶಗುಫ್ತಾ ತಾಯಿಯ ಮೈಮೇಲೆ ಸುರಿದಳು.

"ನನಗ ಗೊತ್ತಾಗಿತ್ತ ಮೌಶಿ," ಸಿದ್ದಕ್ಕನತ್ತ ನೋಡಿ ಬಿಕ್ಕಿದಳು. "ಬೆವರ ನಿಂತದ್ದ ನೋಡಿದ್ದೆ. ಸುಮ್ನ ನಿಂತೆ."

"ಆಮ್ಯಾಲೆ ಅಳು. ಈಗ ನೀರ ಹಾಕ."

"ಕೆಲಸಕ್ಕ ನಡೀರಿ ಬೋಸುಡ್ಯಾರ!" ಗುರುಪಾದಪ್ಪ ಬಿಸಿಲಲ್ಲಿ ನಿಂತು ಒದರುತ್ತಿದ್ದ.

ಬಟ್ಟೆ ಹಿಡಿದ ಹೆಂಗಸರ ತೋಳುಗಳು ಸೋತಿದ್ದವು. ಯಾರೂ ಕೈ ಇಳಿಸಲಿಲ್ಲ. ರಸ್ತೆಯಲ್ಲಿ ಇನ್ನೂ ಯಾವ ಗಾಡಿಯ ಸದ್ದೂ ಇರಲಿಲ್ಲ. ಮದರಬೀ ಕಣ್ಣು ತೆರೆದಿರಲಿಲ್ಲ.