ಇಲಿ ನಡೆದ ಸುದ್ದಿ

ಬಿಳಿಕೆರೆಯ ನಿವೃತ್ತ ಹೆಡ್‌ಮೇಷ್ಟ್ರು ವೀರಭದ್ರಸ್ವಾಮಿಯವರಿಗೆ ಹೆಂಡತಿಯ ಕಾಲಿಗಿಂತ ಇಲಿಯ ಕಾಲಿನ ಮೇಲೆ ನಂಬಿಕೆ ಜಾಸ್ತಿ. ೨೦೦೩ರಲ್ಲಿ ಪೇಪರಿನಲ್ಲಿ ಬಂದ ಸುದ್ದಿಯೊಂದನ್ನು ಕತ್ತರಿಸಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ನರದ ಮೇಲಿನ ಹೊದಿಕೆ ಕೆಟ್ಟುಹೋದ ಇಲಿಗೆ ಯಾವುದೋ ದೇಶದಲ್ಲಿ ಹೊಸ ಜೀವಕೋಶ ನಾಟಿ ಮಾಡಿದರಂತೆ, ಇಲಿ ಎದ್ದು ನಡೆಯಿತಂತೆ.

ಅವರ ಹೆಂಡತಿ ಗುರುಶಾಂತಮ್ಮನಿಗೂ ಅದೇ ಕಾಯಿಲೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದುಹೋದ ಹಾಗಾಗಿದೆ ಎಂದು ಮೈಸೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. ಕೋಶದ ನಾಟಿ ಇನ್ನೂ ಇಲಿಗಳಿಗಷ್ಟೇ, ಮನುಷ್ಯರಿಗೆ ಬರಲು ವರ್ಷಗಟ್ಟಲೆ ಹಿಡಿಯುತ್ತದೆ, ಸದ್ಯಕ್ಕೆ ಬಚ್ಚಲಿನ ದಾರಿಯಲ್ಲಿ ಹಿಡಿದುಕೊಳ್ಳಲು ಒಂದು ಬಿದಿರಿನ ಗಳು ಕಟ್ಟಿಸಿ ಎಂದೂ ಹೇಳಿದ್ದರು. ಮೇಷ್ಟ್ರಿಗೆ ಇಲಿ ಕೇಳಿಸಿತು, ಗಳು ಕೇಳಿಸಲಿಲ್ಲ.

ಊರಿಗೆ ಬಂದವರೇ ಕೋಶ ಕೊಡುವವರನ್ನು ಹುಡುಕಲು ಹೊರಟರು. ಎಲ್ಲವೂ ಗಂಡು ಹುಡುಕುವ ಕ್ರಮದಲ್ಲೇ: ಮೊದಲು ಮನೆತನ, ಆಮೇಲೆ ಜಾತಕ. ಹೊಗೆಸೊಪ್ಪು ಬೆಳೆಯುವ ಪಕ್ಕದ ಮನೆಯ ಕಂಠಪ್ಪ ಎಲ್ಲರಿಗಿಂತ ಮುಂಚೆ ಬಂದ.

"ನಂದೇ ತಗಳಿ ಮೇಷ್ಟ್ರೇ. ಅಕ್ಕ ನಡುದ್ರೆ ಸಾಕು."

"ನೀನು ಕೋಳಿ ತಿಂತೀಯ ಕಣಪ್ಪ. ನಾಳೆ ಇವಳ ನರ ಕೋಳಿ ಕೇಳಿದ್ರೆ ನಾನೇನು ಮಾಡ್ಲಿ?"

ಭೇರ್ಯದ ಸಂಬಂಧಿಕನ ನಕ್ಷತ್ರ ಕೂಡಲಿಲ್ಲ. ಪಿರಿಯಾಪಟ್ಟಣದ ಸೋದರಳಿಯ ಬೀಡಿ ಸೇದುತ್ತಿದ್ದ. ಮೇಷ್ಟ್ರು ಹೀಗೆ ತಿರುಗಲು ಹೋದ ದಿನ ಗುರುಶಾಂತಮ್ಮ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕೆಂದರೆ ಗಂಡನ ಬಸ್ಸು ಬರಬೇಕು. ಎಂಟು ತಿಂಗಳಿಂದ ಇದೇ ಪಾಡು. ಕಾಲು ಸೋತದ್ದಕ್ಕಿಂತ ಹೀಗೆ ಕಾದು ಕೂರುವುದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಗುತ್ತಿತ್ತು. "ರೀ, ಒಂದು ಗಳು" ಎಂದರೆ, "ಇವತ್ತೋ ನಾಳೆಯೋ ನಡೆಯೋಳಿಗೆ ಗಳು ಯಾಕೆ" ಎನ್ನುತ್ತಿದ್ದರು.

ಇನ್ನೊಂದು ಜಾತಕಕ್ಕೆಂದು ಅವರು ಕೆ.ಆರ್. ನಗರಕ್ಕೆ ಹೋದ ದಿನ, ಅವಳು ಕಿಟಕಿಯಿಂದ ಕಂಠಪ್ಪನನ್ನು ಕೂಗಿದಳು. ಅವನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಿಂದ ಗಟ್ಟಿ ಗಳುಗಳನ್ನು ತಂದು, ಮಂಚದಿಂದ ಬಚ್ಚಲಿನವರೆಗೆ ಬಿಗಿದು ಕಟ್ಟಿ, ತಾನೇ ಭಾರ ಬಿಟ್ಟು ನೋಡಿದ.

"ತಡೀತದೆ. ಇಡ್ಕಂಡು ಬನ್ನಿ ಅಕ್ಕ."

ಸಂಜೆ ಮೇಷ್ಟ್ರು ಒಳಗೆ ಬರುವಾಗ ಹೆಂಡತಿ ಗಳು ಹಿಡಿದು ಬಚ್ಚಲಿನಿಂದ ಒಬ್ಬಳೇ ಬರುತ್ತಿದ್ದಳು. ಮುಖ ತೊಳೆದಿದ್ದಳು.

"ಸಿಕ್ತು ಕಣೆ, ಇಪ್ಪತ್ತೆಂಟು ಗುಣ ಕೂಡ್ತು" ಎಂದವರು ಗಳು ಕಂಡು ನಿಂತರು. "ಇದ್ಯಾರು ಕಟ್ಟಿದ್ದು?"

"ಕಂಠಪ್ಪ."

"ಕೋಳಿ ಮುಟ್ಟಿದ ಕೈಲಿ?"

"ತೊಳ್ಕೊಂಡೇ ಬಂದಿದ್ದ" ಎಂದು ಗುರುಶಾಂತಮ್ಮ ಮಂಚದ ಮೇಲೆ ಕೂತು, ಚೊಂಬು ಎತ್ತಿ, ಹೊಟ್ಟೆ ತುಂಬ ನೀರು ಕುಡಿದಳು.