ಎಡಕ್ಕೆ ವಾಲಿದ ಬುಟ್ಟಿಗಳು

ಬೆತ್ತದ ಬುಟ್ಟಿ ಹೆಣೆಯುವ ಅವನನ್ನು ಬೀದಿಯವರೆಲ್ಲ ಬುಟ್ಟಿ ಮಾವ ಎನ್ನುತ್ತಿದ್ದರು. ಹಾಗಾಗಿ ಅವನ ಹೆಂಡತಿ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರಿಗೂ ಅತ್ತೆಯಾಗಿದ್ದಳು. ಮೂವತ್ತು ವರ್ಷಗಳಿಂದ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಕೂತು ಕೆಲಸ ಮಾಡಿದವರು. ಮುಂದೆ ಬೆತ್ತ ನೆನೆಹಾಕಿದ ನೀರಿನ ತೊಟ್ಟಿ. ಅವನ ಎಡಗಡೆಗೆ ಅವಳು. ಬೆತ್ತ ಸೀಳಿ, ಒಳಮೈ ಹೆರೆದು, ನಯವಾಯಿತೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿ ಅವನ ಕೈಗೆ ಕೊಡುವುದು ಅವಳ ಕೆಲಸ. ಅದನ್ನು ತೆಗೆದುಕೊಂಡು ಹೆಣೆಯುವುದು ಅವನದು. ಕೈ ಸೀಳುತ್ತಿರುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ನಲ್ಲಿಯ ಹತ್ತಿರ ಯಾರು ಯಾರಿಗೆ ಏನೆಂದರು, ಅಣ್ಣನ ಹೆಂಡತಿ ಕೊಟ್ಟ ಪಾತ್ರೆಗೆ ಮುಚ್ಚಳ ಯಾಕೆ ಕೊಡಲಿಲ್ಲ, ಕಳೆದ ಜನ್ಮದಲ್ಲಿ ತಾನು ಯಾರ ಹೊಟ್ಟೆ ಉರಿಸಿದ್ದಕ್ಕೆ ಈ ಜನ್ಮದಲ್ಲಿ ಈ ಗಂಡ ಸಿಕ್ಕಿದ, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಬರುತ್ತಿತ್ತು.

ಮಾವ ದೈವಭಕ್ತ. ದಿನದ ಮೊದಲ ಸೀಳನ್ನು ಕಣ್ಣಿಗೊತ್ತಿಕೊಂಡೇ ಕೆಲಸಕ್ಕೆ ಕೈಹಾಕುತ್ತಿದ್ದ. ದೇವರು ಅವನಿಗೆ ಬಲಗಿವಿಯನ್ನು ಬರೀ ಅಲಂಕಾರಕ್ಕೆಂದು ಕೊಟ್ಟಿದ್ದ. ಎಡಗಿವಿಯೇನೋ ಕೇಳುತ್ತಿತ್ತು, ಆದರೆ ಅದಕ್ಕೂ ತಲೆಯನ್ನು ಒಂದಿಷ್ಟು ಹತ್ತಿರ ಒಯ್ಯಬೇಕು. ಮಾವ ಒಯ್ಯುತ್ತಿದ್ದ. ಅಲ್ಲಲ್ಲಿ "ಹೂಂ" ಎನ್ನುತ್ತಿದ್ದ. ಸಂಸಾರ ಸುಸೂತ್ರವಾಗಿ ಸಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಅವನ ಮನೆಗೆ ಪ್ರದರ್ಶನದ ಮೇಡಂ ಬಂದರು. ಊರಿನ ಕೈಕೆಲಸದವರ ಸಾಮಾನುಗಳನ್ನೆಲ್ಲ ದೊಡ್ಡ ಸಭಾಂಗಣದಲ್ಲಿ ಜೋಡಿಸಿ ಜನಕ್ಕೆ ತೋರಿಸುವವರು ಅವರು. ಗೋಡೆಗೆ ನೇತುಹಾಕಿದ್ದ ಬುಟ್ಟಿಯೊಂದನ್ನು ಇಳಿಸಿ, ತಿರುಗಿಸಿ, ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಇದು ಒಂಚೂರು ಒಂದು ಕಡೆಗೆ ವಾಲಿದೆಯಲ್ಲ! ಯಾರೋ ಹೇಳಿದ್ದನ್ನ ಕೇಳಿಸಿಕೊಳ್ತಾ ನಿಂತ ಹಾಗಿದೆ. ಇಂಥವೇ ಆರು ಬೇಕು ನನಗೆ. ಭಾನುವಾರ ಪ್ರದರ್ಶನ ಶುರು. ನೆಟ್ಟಗಿರೋ ಬುಟ್ಟಿ ಬೇಡ, ಅವು ಎಲ್ಲಾ ಕಡೆ ಸಿಗುತ್ತವೆ."

ತನ್ನ ಬುಟ್ಟಿ ವಾಲಿದೆ ಎಂಬುದೇ ಮಾವನಿಗೆ ಅಂದು ಗೊತ್ತಾಯಿತು. ಬೈಗುಳ ಅಂದುಕೊಂಡಿದ್ದು ಹೊಗಳಿಕೆ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಎದೆ ಉಬ್ಬಿತು. ಮೂವತ್ತು ವರ್ಷ ಅವನ ಬುಟ್ಟಿಗಳು ಆಲೂಗಡ್ಡೆ ಹೊತ್ತಿದ್ದವು, ಒದ್ದೆ ಬಟ್ಟೆ ಹೊತ್ತಿದ್ದವು, ಒಮ್ಮೆ ಮರಿ ಹಾಕಿದ ಬೆಕ್ಕನ್ನೂ ಹೊತ್ತಿದ್ದವು. ಬರೀ ನೋಡುವುದಕ್ಕೆಂದು ಅವನ ಬುಟ್ಟಿಯನ್ನು ಮೇಜಿನ ಮೇಲೆ ಇಡುವುದು ಇದೇ ಮೊದಲು.

"ಪಕ್ಕದಲ್ಲಿ ಒಂದು ಚೀಟಿ ಇಡ್ತೀವಿ," ಎಂದು ಮೇಡಂ ಪುಸ್ತಕ ತೆಗೆದರು. "ನಿಮ್ಮ ಕಲೆಗೆ ಪ್ರೇರಣೆ ಏನು?"

"ಅಂದ್ರೆ?"

"ಅಂದ್ರೆ, ಏನಿದ್ದರೆ ನಿಮಗೆ ಬುಟ್ಟಿ ಹೆಣೀಬೇಕು ಅನ್ನಿಸುತ್ತೆ?"

"ಯಾರಾದ್ರೂ ಬುಟ್ಟಿ ಬೇಕು ಅಂದ್ರೆ ಅನ್ನಿಸುತ್ತೆ."

ಮೇಡಂ ನಕ್ಕರು, ಆದರೆ ಬರೆದುಕೊಳ್ಳಲಿಲ್ಲ. "ಮಡಕೆ ಮಾಡೋರು ನದಿಯ ತಿರುವು ಅಂದರು. ಕಂಬಳಿ ನೇಯೋರು ಬೆಳಗಿನ ಜಾವದ ಆಕಾಶ ಅಂದರು. ಬೀಗ ಮಾಡೋರು ಕೂಡ ತಾಯಿಯ ಮಡಿಲು ಅಂದರು."

ಮಾವ ಗಲ್ಲ ತುರಿಸಿಕೊಂಡ. ಒಳ್ಳೊಳ್ಳೆಯದನ್ನೆಲ್ಲ ಮುಂಚೆಯೇ ಹೋದವರು ಬಾಚಿಕೊಂಡುಬಿಟ್ಟಿದ್ದರು. ಬೀಗದವನಿಗೆ ತಾಯಿಯ ಮಡಿಲೇ ಸಿಕ್ಕಿರುವಾಗ ತನಗೂ ಏನಾದರೂ ಉಳಿದಿರಲೇಬೇಕು ಎಂದು ದೇವರನ್ನು ನೆನೆದು ಕಣ್ಣು ಮುಚ್ಚಿದ. ಆ ಹೊತ್ತಿನಲ್ಲಿ ಹೆಂಡತಿ ಒಳಗೆ ಚಹಾ ಮಾಡುತ್ತಿದ್ದುದರಿಂದ ಕೋಣೆಯಲ್ಲಿ ಅಪರೂಪಕ್ಕೆ ಸದ್ದಿರಲಿಲ್ಲ. ಮಾವನಿಗೆ ಹೊಳೆದೇಬಿಟ್ಟಿತು.

"ಮೌನ," ಎಂದ. ಮೇಡಂ ಪೆನ್ನು ಓಡತೊಡಗಿದ್ದು ಕಂಡು ಇನ್ನಷ್ಟು ಹುರುಪು ಬಂತು. "ಮನೇಲಿ ಒಂದು ಮಾತೂ ಇಲ್ಲದೆ ಇದ್ದಾಗ, ಆ ಮೌನದಲ್ಲಿ, ಬುಟ್ಟಿ ತಾನಾಗೇ ಕೈಗೆ ಬರುತ್ತೆ."

ಕಣ್ಣು ತೆರೆದಾಗ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಹೆಂಡತಿ ನಿಂತಿದ್ದಳು.

ಮೇಡಂ ಹೋಗುವವರೆಗೂ ಅವಳು ನಗುನಗುತ್ತಲೇ ಇದ್ದಳು. ಬಾಗಿಲು ಹಾಕಿಕೊಂಡು ಬಂದವಳು ಚಾಪೆಯ ಮೇಲೆ ಕೂತಳು.

"ಮೌನಾನಾ? ಇಷ್ಟು ಬೇಕಾಗಿದ್ರೆ ಮೂವತ್ತು ವರ್ಷದ ಹಿಂದೇನೇ ಬಾಯಿಬಿಟ್ಟು ಕೇಳಬಹುದಿತ್ತಲ್ಲ. ಆಗಲಿ. ಇವತ್ತಿಂದ ಕೊಡ್ತೀನಿ, ಹೊಟ್ಟೆ ತುಂಬ ತಗೊಳ್ಳಿ."

ಅಲ್ಲಿಗೆ ಮುಗಿಯಿತು.

ಮಂಗಳವಾರವೆಲ್ಲ ಮಾವನಿಗೆ ಸ್ವರ್ಗದಲ್ಲಿದ್ದ ಹಾಗಿತ್ತು. ಕತ್ತಿ ಬೆತ್ತವನ್ನು ಸೀಳುವ ಸದ್ದು, ತೊಟ್ಟಿಯ ನೀರಿನ ಸದ್ದು, ದೂರದಲ್ಲೆಲ್ಲೋ ಸೈಕಲ್ ಗಂಟೆ. ಸಂಜೆಯೊಳಗೆ ಎರಡು ಬುಟ್ಟಿ ಮುಗಿಸಿದ. ಬುಧವಾರ ಮಧ್ಯಾಹ್ನಕ್ಕೆ ಇನ್ನೊಂದು. ಮೂರನ್ನೂ ಸಾಲಾಗಿ ಇಟ್ಟು ನೋಡಿದ. ಮೂರೂ ಕವಾಯತಿಗೆ ನಿಂತ ಪೊಲೀಸರ ಹಾಗೆ ನೆಟ್ಟಗೆ ನಿಂತಿದ್ದವು.

ನಾಲ್ಕನೆಯದನ್ನು ಬೇಕೆಂದೇ ವಾಲಿಸಿ ಹೆಣೆದ. ಅದು ವಾಲಲಿಲ್ಲ, ಸೊಟ್ಟಗಾಯಿತು. ಯಾರೋ ಮೇಲೆ ಕೂತು ಎದ್ದುಹೋದ ಟೋಪಿಯ ಹಾಗೆ ಕಾಣಿಸಿತು.

ಅಷ್ಟರಲ್ಲಿ ಎದುರುಮನೆಯ ಬಟ್ಟೆ ಒಗೆಯುವ ಅಕ್ಕ ತನ್ನ ಹಳೆಯ ಬುಟ್ಟಿಯ ಅಂಚು ಕಟ್ಟಿಸಲು ಬಂದಳು. ಸಾಲಿನಲ್ಲಿದ್ದ ಹೊಸ ಬುಟ್ಟಿಯೊಂದನ್ನು ಅಭ್ಯಾಸಬಲದಿಂದ ಎತ್ತಿ ಸೊಂಟಕ್ಕಿಟ್ಟಳು. ಅದು ಜಾರಿ ಕೆಳಗೆ ಬಿತ್ತು.

"ಇದೇನು ಮಾವ, ನಿಮ್ಮ ಬುಟ್ಟಿ ಸೊಂಟ ಬಿಟ್ಟು ಕೂತದ್ದೇ ಇಲ್ವಲ್ಲ! ಮಗು ಥರ ಒರಗಿಕೊಳ್ತಾ ಇತ್ತು. ಅತ್ತೆ ಊರಲ್ಲಿಲ್ವಾ?"

"ಒಳಗೇ ಇದಾಳೆ. ಮಾತಾಡ್ತಿಲ್ಲ. ಅದಕ್ಕೂ ಬುಟ್ಟಿಗೂ ಏನು?"

ಅಕ್ಕ ಬಿದ್ದು ಬಿದ್ದು ನಕ್ಕಳು. "ಇಪ್ಪತ್ತು ವರ್ಷದಿಂದ ನನ್ನ ಕಿಟಕಿಯಿಂದ ನೋಡ್ತಾ ಇದೀನಿ ಮಾವ. ಅತ್ತೆ ಬಾಯಿ ತೆಗೆದ್ರೆ ಸಾಕು, ನೀವು ಕೋಳಿ ಥರ ಕತ್ತು ಎಡಕ್ಕೆ ಹಾಕ್ತೀರಿ. ಕತ್ತಿನ ಜೊತೆ ಭುಜ ಹೋಗುತ್ತೆ, ಭುಜದ ಜೊತೆ ಕೈ. ಎಡಗೈ ಬಿಗಿಯಾಗಿ ಎಳೆದ್ರೆ ಬುಟ್ಟಿ ಇನ್ನೆಲ್ಲಿಗೆ ಹೋಗುತ್ತೆ?"

ಅವಳು ಹೋದ ಮೇಲೆ ಮಾವ ಮನೆಯಲ್ಲಿದ್ದ ಹಳೆಯ ಬುಟ್ಟಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ನೋಡಿದ. ಆಲೂಗಡ್ಡೆಯದು ಚೂರೇ ಚೂರು ವಾಲಿತ್ತು. ಅದು ಮಾಮೂಲು ದಿನದ್ದು. ಸೌದೆಯದು ಚೆನ್ನಾಗಿ ವಾಲಿತ್ತು. ಅವಳ ಅಣ್ಣ ಮನೆ ಬದಲಾಯಿಸಿ ಇವರಿಗೆ ತಿಳಿಸದೇ ಇದ್ದ ವಾರದ್ದು. ಮೂಲೆಯಲ್ಲೊಂದು ಇನ್ನೇನು ಮಲಗಿಯೇಬಿಡುತ್ತದೆ ಎನ್ನುವ ಹಾಗಿತ್ತು. ಮಾವ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಅದು ಪಾತ್ರೆಯ ಮುಚ್ಚಳದ ವರ್ಷದ್ದು. ತನ್ನ ಕೈಯ ಜಾಣತನ ಎಂದುಕೊಂಡಿದ್ದುದರಲ್ಲಿ ಅರ್ಧ ಅವಳ ಗಂಟಲಿನದು ಎಂಬುದು, ದೇವರು ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೋ ಎಂದು ದೇವರ ಮೇಲೆ ಸ್ವಲ್ಪ ಮುನಿಸೂ ಬಂತು.

ಈಗ ಉಳಿದದ್ದು ಒಂದೇ ದಾರಿ. ಭಾನುವಾರದೊಳಗೆ ಅವಳನ್ನು ಮಾತಾಡಿಸಬೇಕು.

ಗುರುವಾರ ಬೆಳಿಗ್ಗೆ ಅಂಗಿಯನ್ನು ಒಳಹೊರಗು ಮಾಡಿ ಹಾಕಿಕೊಂಡು ಅವಳ ಮುಂದೆ ಎರಡು ಸಲ ಓಡಾಡಿದ. ಅವಳು ನೋಡಿದಳು, ತುಟಿ ಬಿಗಿಹಿಡಿದಳು, ಸೀಳು ಕೈಗೆ ಕೊಟ್ಟಳು. ಆಗಷ್ಟೇ ಒರೆಸಿದ ನೆಲದ ಮೇಲೆ ನೀರು ಸೋರುವ ಬೆತ್ತದ ಕಟ್ಟನ್ನು ಎಳೆದುಕೊಂಡು ಹೋದ. ಅವಳು ಬಟ್ಟೆ ತಂದು ಮತ್ತೆ ಒರೆಸಿದಳು. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು, ಚಾಪೆಯ ಮೇಲೆ ಕೂತವನೇ ಗೋಡೆಗೆ ಹೇಳುವವನ ಹಾಗೆ ಅಂದ:

"ಅಡುಗೆ ಅಂದ್ರೆ ನಿನ್ನ ಅತ್ತಿಗೇದು ಕಣೇ. ಏನು ಹದ, ಏನು ರುಚಿ!"

ಅತ್ತೆಯ ಮುಖ ಕೆಂಪಾಯಿತು. ಬಾಯಿ ತೆರೆಯಿತು. ಮಾವ ಆಸೆಯಿಂದ ಕತ್ತು ಎಡಕ್ಕೆ ಹಾಕಿದ. ಅವಳು ಆ ಬಾಯಿಗೆ ಸೆರಗು ತುರುಕಿಕೊಂಡು ಕತ್ತಿಯನ್ನು ಎಂಥ ವೇಗದಲ್ಲಿ ಎಳೆದಳೆಂದರೆ, ಸೀಳು ಕೂದಲಿನಷ್ಟು ತೆಳ್ಳಗಾಗಿ ಬಂತು. ಅವಳಿಗೂ ಕಷ್ಟವಿತ್ತು, ಪಾಪ. ಗಂಟಲವರೆಗೆ ಬಂದ ಮಾತನ್ನು ದಿನಕ್ಕೆಷ್ಟು ಸಲ ನುಂಗಬೇಕು!

ನಲ್ಲಿಯ ಹತ್ತಿರ ಮಾತ್ರ ಅವಳು ಎಲ್ಲರ ಜೊತೆ ಮಾತಾಡುತ್ತಾಳೆ ಎಂದು ತಿಳಿದು, ಅರ್ಧ ಹೆಣೆದ ಬುಟ್ಟಿಯನ್ನೂ ಚಾಪೆಯನ್ನೂ ಹೊತ್ತು ಮಾವ ನಲ್ಲಿಯ ಪಕ್ಕ ಹೋಗಿ ಕೂತ. ಅವನನ್ನು ಕಂಡದ್ದೇ ಅವಳು ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದಳು. ಕೊಡ ಹಿಡಿದಿದ್ದ ನಾಲ್ಕು ಜನ ಹೆಂಗಸರು, ಆ ಕತೆಯ ಕೊನೆ ತಿಳಿಯದೆ, ಮಾವನನ್ನು ಕೆಕ್ಕರಿಸಿ ನೋಡಿದರು.

"ಎದ್ದು ಹೋಗಿ ಮಾವ! ಮದುವೆ ನಿಂತಿತಾ ನಡೆಯಿತಾ ಗೊತ್ತಾಗಬೇಕು ನಮಗೆ."

ಅದೇ ಸಂಜೆ ಬಟ್ಟೆ ಒಗೆಯುವ ಅಕ್ಕನನ್ನು ಕರೆದು ತನ್ನ ಎಡಗಡೆ ಕೂರಿಸಿ, "ಏನಾದರೂ ಮಾತಾಡಮ್ಮ" ಎಂದು ಬೇಡಿಕೊಂಡ. ಅಕ್ಕನದು ನೀರಿನ ಆಚೆ ದಡದವರನ್ನು ಕರೆದು ರೂಢಿಯಾದ ಗಂಟಲು. ಅವಳು ಶುರುಮಾಡಿದ್ದೇ ಮಾವ ಮೂರು ಗೇಣು ಬಲಕ್ಕೆ ಸರಿದ. ಆ ಬುಟ್ಟಿ ಬಲಕ್ಕೆ ವಾಲಿತು. ಸೊಂಟಕ್ಕಿಟ್ಟರೆ ಮೈಯಿಂದ ದೂರ ಹೋಗುವ, ಮುನಿಸಿಕೊಂಡ ಬುಟ್ಟಿ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅತ್ತೆಯ ಹೆಗಲು ನಗುವಿಗೆ ಕುಲುಕುತ್ತಿತ್ತು. ಸದ್ದು ಮಾತ್ರ ಬರಲಿಲ್ಲ.

ಶುಕ್ರವಾರ ಮೇಡಂ ಅಚ್ಚಾದ ಚೀಟಿ ಹಿಡಿದು ಬಂದರು. ದಪ್ಪ ಕಾಗದ, ಸುತ್ತ ಅಂಚು. ಓದಿ ಹೇಳಿದರು: "ಪ್ರೇರಣೆ: ಮನೆಯೊಳಗಿನ ಮೌನ. ಚೆನ್ನಾಗಿದೆ ಅಲ್ವಾ? ಎಲ್ಲಿ, ಬುಟ್ಟಿ ತೋರಿಸಿ."

ಮಾವ ತೋರಿಸಿದ. ಮೂರು ಪೊಲೀಸರು, ಒಂದು ಟೋಪಿ, ಒಂದು ಮುನಿಸಿಕೊಂಡದ್ದು. ಮೇಡಂ ಮುಖದಲ್ಲಿದ್ದ ನಗು ಮೆಲ್ಲಗೆ ಆರಿತು.

"ಇವಲ್ಲ ನಾನು ಕೇಳಿದ್ದು. ಏನಾಯ್ತು?"

ಅತ್ತೆ ತನ್ನ ಜಾಗದಲ್ಲಿ ಕೂತು ಬೆತ್ತ ಹೆರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಮಾವ ಅವಳನ್ನು ನೋಡಿದ, ಚೀಟಿಯನ್ನು ನೋಡಿದ. ಬೆಳಿಗ್ಗೆ ಮೊದಲ ಸೀಳನ್ನು ಕಣ್ಣಿಗೊತ್ತಿಕೊಂಡ ಕೈ ಇದು. ಇದರಲ್ಲಿ ಇನ್ನೆಷ್ಟು ದಿನ ಸುಳ್ಳನ್ನು ಹಿಡಿದುಕೊಂಡಿರುವುದು?

"ಚೀಟೀಲಿರೋದು ಸುಳ್ಳು ಮೇಡಂ. ನೀವು ನದಿ, ಆಕಾಶ ಅಂತೆಲ್ಲ ಹೇಳಿದ್ರಲ್ಲ, ನನಗೆ ಏನೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಆ ಮೌನ ಐದು ದಿನ ಮನೇಲಿ ಇತ್ತು. ಅದರ ಕೆಲಸ ನೋಡಿ, ಇಲ್ಲೇ ಸಾಲಾಗಿ ನಿಂತಿದೆ." ಗಂಟಲು ಸರಿಮಾಡಿಕೊಂಡ. ಇಷ್ಟು ಉದ್ದದ ಮಾತು ಅವನಿಗೇ ಹೊಸದು. "ನನ್ನ ಕೈ ವಾಲೋದು ಇವಳ ಮಾತಿಗೆ. ಇವಳು ಮಾತಾಡದೇ ಇದ್ರೆ ನಾನೊಬ್ಬ ಬರೀ ಬುಟ್ಟಿ ಮಾಡೋನು. ಬೇರೆ ಚೀಟಿ ಬರೀರಿ. ಪ್ರೇರಣೆ: ಹೆಂಡತಿಯ ಮಾತು."

ಮೇಡಂ ಪೆನ್ನು ತೆಗೆದು, ಹಳೆಯದನ್ನು ಹೊಡೆದುಹಾಕಿ, ಹೊಸದಾಗಿ ಬರೆದರು. ಕತ್ತಿ ನಿಂತಿತು. ಅತ್ತೆ ಕೈಯಲ್ಲಿದ್ದ ಸೀಳನ್ನು ಹೆಬ್ಬೆರಳಿನಿಂದ ಸವರಿದಳು, ಇನ್ನೊಮ್ಮೆ ಸವರಿದಳು.

"ಹೆಂಡತಿಯ ಮಾತು ಅಂತ ಅಷ್ಟೇ ಬರೆದ್ರೆ," ಎಂದಳು ಕೊನೆಗೂ, "ಓದಿದವರು ನನ್ನನ್ನ ಬಾಯಿಬಡುಕಿ ಅಂದುಕೊಳ್ಳಲ್ವಾ? ಯಾವ ಮಾತು, ಯಾರ ಮೇಲಿನ ಮಾತು, ಯಾಕೆ ಆ ಮಾತು ಬಂತು, ಏನೂ ಬೇಡ್ವಾ? ಬರ್ಕೊಳ್ಳಿ ಮೇಡಂ. ನಮ್ಮ ಅಣ್ಣನ ಹೆಂಡತಿ ಒಂದು ಪಾತ್ರೆ ಕೊಟ್ಟಳು. ಮುಚ್ಚಳ ಕೊಡಲಿಲ್ಲ."

"ಅಮ್ಮ, ಚೀಟೀಲಿ ಅಷ್ಟು ಜಾಗ..."

"ಹಿಂದುಗಡೆ ಖಾಲಿ ಇದೆಯಲ್ಲ!"

ಐದು ದಿನದ ಮಾತು ಕಟ್ಟೆಯೊಡೆದು ಬಂತು. ಒಳಹೊರಗಾದ ಅಂಗಿ ಬಂತು, ಒರೆಸಿದ ನೆಲ ಬಂತು, ಅತ್ತಿಗೆಯ ಅಡುಗೆಯ ಹದವಂತೂ ಮೂರು ಸಲ ಬಂತು. ಮೇಡಂ ಚೀಟಿಯ ಹಿಂಬದಿ ತುಂಬಿಸಿ, ತಮ್ಮ ಪುಸ್ತಕದ ಎರಡು ಹಾಳೆ ತುಂಬಿಸಿ, ಕೊನೆಗೆ ಪೆನ್ನು ಮುಚ್ಚಿ, ಬಾಗಿಲ ಕಡೆಗೆ ಹಿಮ್ಮುಖವಾಗಿ ನಡೆಯುತ್ತ ಹೋದರು. ಮಾವ ಅಷ್ಟರಲ್ಲಾಗಲೇ ತಳ ಕಟ್ಟಿ, ಕಡ್ಡಿ ನಿಲ್ಲಿಸಿ, ಕತ್ತು ಎಡಕ್ಕೆ ಹಾಕಿ ಹೆಣೆಯತೊಡಗಿದ್ದ.

ಶುಕ್ರವಾರ ಸಂಜೆಗೆ ಎರಡು, ಶನಿವಾರಕ್ಕೆ ಮೂರು. ಎಂಥ ಬಾಗು! ಸೊಂಟಕ್ಕಿಟ್ಟರೆ ಅಳುವ ಮಗುವೂ ಹಾಗೆ ಅಂಟಿಕೊಳ್ಳದು. ಆರನೆಯದನ್ನು ಭಾನುವಾರ ಬೆಳಿಗ್ಗೆ ಹಿಡಿದ. ಅವಳು ನಲ್ಲಿಯ ಹತ್ತಿರ ಅರ್ಧಕ್ಕೆ ಕತ್ತರಿಸಿದ್ದ ಮದುವೆಯ ಕತೆಯನ್ನು ಶುರುಮಾಡಿದ್ದಳು. ಹುಡುಗಿಯ ಕಡೆಯವರು ಎದ್ದು ಹೊರಟೇಬಿಟ್ಟರು ಎನ್ನುವಲ್ಲಿಗೆ ಬಂದಾಗ ಬೆತ್ತ ತೆಗೆಯಲು ಒಂದು ಗಳಿಗೆ ತಡೆದಳು. ಮಾವನಿಗೆ ತಡೆಯಲಾಗಲಿಲ್ಲ.

"ಆಮೇಲೆ?" ಎಂದುಬಿಟ್ಟ.

ಮೂವತ್ತು ವರ್ಷಗಳಲ್ಲಿ ಅವನು ಒಮ್ಮೆಯೂ ಕೇಳಿರದ ಪ್ರಶ್ನೆ. ಅತ್ತೆಗೆ ಎಂಥ ಗಾಬರಿಯಾಯಿತೆಂದರೆ ಮಾತೇ ನಿಂತಿತು. ಅವನನ್ನು ಮೇಲಿಂದ ಕೆಳಗೆ ನೋಡಿದಳು, ಹಣೆ ಮುಟ್ಟಿ ಜ್ವರವಿದೆಯೇ ಎಂದು ಪರೀಕ್ಷಿಸಿದಳು.

ಬುಟ್ಟಿ ಇನ್ನೂ ಅರ್ಧದಲ್ಲಿತ್ತು. ಮಾವನ ಕೈ ನೆಟ್ಟಗಾಗತೊಡಗಿತು.

"ನಿಲ್ಲಿಸಬೇಡ ಕಣೇ, ನಿನ್ನ ದಮ್ಮಯ್ಯ!" ಎಂದ ಅವನು, ಹೆಗಲನ್ನು ಅವಳ ಹೆಗಲಿಗೆ ತಾಗುವಷ್ಟು ವಾಲಿಸಿ. "ಎದ್ದು ಹೊರಟವರು ಎಲ್ಲೀವರೆಗೆ ಹೋದ್ರು? ಯಾರು ತಡೆದ್ರು?"

"ಯಾರು ತಡೀತಾರೆ ಅಂತ ಅಂದ್ಕೊಂಡ್ರಿ?" ಎಂದಳು ಅವಳು, ಕತ್ತಿ ಎತ್ತಿಕೊಂಡು. "ನಾನೇ."