ಮದ್ದಿನ ಕೋಣೆಯ ಗೋಡೆ

ಈಶ್ವರಮ್ಮನ ಬೆರಳ ಸಂದಿಯ ಹುಣ್ಣು ಆರುತ್ತಲೇ ಇರಲಿಲ್ಲ. ದಿನಾ ಫಿನಾಯಿಲಿನಲ್ಲಿ ಅದ್ದಿದ ಕೈ ಆರುವುದಾದರೂ ಹೇಗೆ? ಬೆಳಿಗ್ಗೆ ಹೋಟೆಲಿನ ಕಕ್ಕಸುಗಳನ್ನೆಲ್ಲ ತಿಕ್ಕಿ, ಮಧ್ಯಾಹ್ನ ಅಂಗಳದ ಕಲ್ಲುಹಾಸು ತೊಳೆದು, ಸಂಜೆ ಹಿಂಬಾಗಿಲಿಂದ ಹೊರಬೀಳುವಾಗ ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮುಂಬಾಗಿಲು ಗಿರಾಕಿಗಳಿಗೆ. ಅಲ್ಲೊಬ್ಬ ಪೇಟ ಸುತ್ತಿದವನು ಕಾರಿಳಿದವರಿಗೆ ಕೈಮುಗಿಯುತ್ತ ನಿಂತಿರುತ್ತಿದ್ದ.

ಶಿವಮೊಗ್ಗದ ಕೋಟೆಯ ಹಿಂದಿನ ಓಣಿಯಲ್ಲಿ ಅವಳದೊಂದು ಬಾಡಿಗೆ ಕೋಣೆ. ಬೀಗ ತೆಗೆದರೆ ಸೀಮೆಎಣ್ಣೆಯ ಸ್ಟವ್ವು, ಬೆಳಗಿನ ತಂಗಳು, ಗೋಡೆಗೆ ಒರಗಿಸಿದ ಚಾಪೆ. ಬಂದೆಯಾ ಅಂತ ಕೇಳುವವರಿಲ್ಲ. ಗಂಡ ಬಿಟ್ಟುಹೋಗಿ ಅವನ ಮುಖವೂ ಮರೆತಂತಾಗಿತ್ತು. ಮಕ್ಕಳಾಗಿರಲಿಲ್ಲ. ಇದ್ದ ಒಬ್ಬಳು ತಂಗಿ ಯಲ್ಲಮ್ಮ ಸತ್ತದ್ದು ಈಗ ಹೋಟೆಲಾಗಿರುವ ಆ ಕಟ್ಟಡದೊಳಗೇ.

ಆಗ ಅದು ತುಂಗೆಯ ದಂಡೆಯ ಬೆಂಕಿಪೊಟ್ಟಣದ ಕಾರ್ಖಾನೆ. ಅಕ್ಕ ಪೊಟ್ಟಣಕ್ಕೆ ಕಡ್ಡಿ ತುಂಬುತ್ತಿದ್ದಳು, ತಂಗಿ ಕಡ್ಡಿಯ ತುದಿಗೆ ಮದ್ದು ಹಚ್ಚುವ ಕೋಣೆಯಲ್ಲಿದ್ದಳು. ಹೆಂಗಸರು ನೀರಿನ ನೆಪ ಹೇಳಿ ಹೊರಗೆ ಹೋಗುತ್ತಾರೆ, ಸೆರಗಿನಲ್ಲಿ ಕಡ್ಡಿ ಕದಿಯುತ್ತಾರೆ ಎಂದು ಮೇಸ್ತ್ರಿ ಆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸುತ್ತಿದ್ದ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ ಒಳಗೆ ಮದ್ದು ಹೊತ್ತಿಕೊಂಡಿತು. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಒಳಗಿನವರು ಬಾಗಿಲು ಬಡಿಯುವುದು ಈಶ್ವರಮ್ಮನಿಗೆ ಕೇಳಿತ್ತು. ಓಡಿಬಂದವರಲ್ಲಿ ಹುಲಿಗೆಮ್ಮ ಎಂಬವಳು ಕಾದ ಚಿಲಕಕ್ಕೆ ಕೈಹಾಕಿ ಎಳೆದಳು. ಬಾಗಿಲು ತೆರೆಯುವಷ್ಟರಲ್ಲಿ ಬಡಿಯುವ ಸದ್ದು ನಿಂತಿತ್ತು. ಯಲ್ಲಮ್ಮ, ಖೈರುನ್ನೀಸಾ, ಪಳನಿಯಮ್ಮ. ಮೂರು ಜನ ಹೋದರು. ಕೆಲಸದವರ ಅಜಾಗರೂಕತೆಯೇ ಕಾರಣ ಎಂದು ಬರೆದುಕೊಂಡು ಸರ್ಕಾರದವರೂ ಹೋದರು.

ಆ ಕೋಣೆಗೆ ಮತ್ತೆ ಯಾರೂ ಸುಣ್ಣ ಹೊಡೆಯಲಿಲ್ಲ. ಅಪಶಕುನ ಎಂದು ಬೀಗ ಜಡಿದರು. ತೊಂಬತ್ತನಾಲ್ಕರಲ್ಲಿ ಕಾರ್ಖಾನೆಯೇ ಮುಚ್ಚಿತು. ಆಮೇಲೂ ಈಶ್ವರಮ್ಮ ವರ್ಷಕ್ಕೊಮ್ಮೆ ಅದೇ ದಿನ ಕಾವಲುಗಾರನನ್ನು ಬೇಡಿಕೊಂಡು ಒಳಗೆ ಹೋಗಿ, ಕರಿಹಿಡಿದ ಗೋಡೆಯ ಬುಡದಲ್ಲಿ ಒಂದು ದೀಪ ಹಚ್ಚಿಟ್ಟು ಬರುತ್ತಿದ್ದಳು. ಹೆಣ ಮಣ್ಣಾದ ಜಾಗಕ್ಕಿಂತ ಆ ಗೋಡೆಯ ಮುಂದೆಯೇ ತಂಗಿ ಹತ್ತಿರ ಸಿಗುತ್ತಾಳೆ ಅನ್ನಿಸುತ್ತಿತ್ತು.

ಅಡಿಕೆ ಮಂಡಿಯ ರೇಣುಕಾಪ್ರಸಾದ್ ಆ ಕಟ್ಟಡ ಕೊಂಡದ್ದು ಎರಡು ಸಾವಿರದ ಮೂರರಲ್ಲಿ. ಕೆಡವದೆ, ಹಳೆಯದನ್ನು ಹಳೆಯದರಂತೆಯೇ ಉಳಿಸಿ ದೊಡ್ಡವರ ಹೋಟೆಲು ಮಾಡುತ್ತಾರಂತೆ ಎಂದು ಊರೆಲ್ಲ ಕೊಂಡಾಡಿತು. ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಈಶ್ವರಮ್ಮ ಅಲ್ಲಿ ಹೋಗಿ ನಿಂತಳು. "ಯಾವ ಕೆಲಸ ಆದ್ರೂ ಸರಿ ಸ್ವಾಮಿ, ಇದೇ ಸೂರಿನ ಕೆಳಗೆ ಇದ್ದುಬಿಡ್ತೀನಿ," ಅಂದಳು. ಕಕ್ಕಸು ತೊಳೆಯುವ ಕೆಲಸ ಸಿಕ್ಕಿತು.

ಹೋಟೆಲು ಶುರುವಾದ ವಾರ ಮ್ಯಾನೇಜರ್ ಸಂಜಯ್ ಅವಳನ್ನು ಮದ್ದಿನ ಕೋಣೆಗೆ ಕರೆದುಕೊಂಡು ಹೋದ. ಹೊಳೆಹೊನ್ನೂರಿನ ಕಡೆಯ ಹುಡುಗ, ಮೆತ್ತಗಿನ ಮಾತು. ಬಾಗಿಲು ದಾಟಿದವಳೇ ಈಶ್ವರಮ್ಮ ನಿಂತುಬಿಟ್ಟಳು. ಉದ್ದದ ಮೇಜು, ಎತ್ತರದ ಕುರ್ಚಿಗಳು, ಸಾಲುಸಾಲು ಬಾಟಲಿ. ಅವುಗಳ ಹಿಂದೆ ಅದೇ ಕಪ್ಪು ಗೋಡೆ. ಬುಡದಿಂದ ಹಳದಿ ದೀಪ ಬಿಟ್ಟಿದ್ದರು. ಕೋಣೆಗೆ 'ಗಂಧಕ ಬಾರ್' ಎಂದು ಹೆಸರಿಟ್ಟಿದ್ದರು.

"ಅಮ್ಮಾ, ನೆಲ ಒರೆಸಿ, ಕುರ್ಚಿ ಒರೆಸಿ. ಆ ಗೋಡೆ ಮಾತ್ರ ಮುಟ್ಟಬೇಡಿ. ಒದ್ದೆಬಟ್ಟೆನೂ ತಾಗಿಸ್ಬೇಡಿ. ಅದನ್ನ ನೋಡೋಕೇ ಜನ ಬರೋದು."

"ಅದು ಏನು ಅಂತ ಗೊತ್ತೇನಪ್ಪ ನಿಂಗೆ?"

"ಹಳೇ ಹೊಗೆ ಅಲ್ವಾ?"

ಅವಳು ಹೇಳಿದಳು. ಸಂಜಯ್ ತಲೆ ತಗ್ಗಿಸಿ ಕೇಳಿದ. ಸಾಹುಕಾರರ ಹತ್ತಿರ ಮಾತಾಡಿ ಅಂದ.

ರೇಣುಕಾಪ್ರಸಾದ್ ಕೂರಲು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು.

"ಆ ದಿನ ಹತ್ತಿರ ಬಂತು ಸ್ವಾಮಿ. ಒಂದು ದೀಪ ಹಚ್ಚಿ ಬರ್ತೀನಿ. ಮೂರು ಜನದ ಹೆಸರು ಬರೆದು ಒಂದು ಕಲ್ಲು ನೆಡಿಸಿದ್ರೆ ನಿಮಗೆ ಪುಣ್ಯ ಬರುತ್ತೆ."

"ನಿಮ್ಮ ಸಂಕಟ ಅರ್ಥ ಆಗುತ್ತಮ್ಮ. ಆದ್ರೆ ಜನ ಇಲ್ಲಿಗೆ ಖುಷಿಯಾಗಿರೋಕೆ ಬರ್ತಾರೆ. ಸಾವಿನ ಮಾತು ಎತ್ತಿದ್ರೆ ಯಾರು ಕೂತು ಕುಡೀತಾರೆ ಹೇಳಿ?"

"ಹಂಗಾದ್ರೆ ಆ ಕಪ್ಪು ಯಾಕೆ ಇಟ್ಕೊಂಡ್ರಿ? ಸುಣ್ಣ ಹೊಡೆಸಿಬಿಡಿ."

ಅವರು ನಕ್ಕರು. "ಅದೇ ಈ ಹೋಟೆಲಿನ ಚೆಂದ. ನೀವು ಆವತ್ತು ರಜಾ ತಗೊಳ್ಳಿ. ಮನೇಲೇ ಹಚ್ಚಿ."

ಅದಕ್ಕೂ ಮೊದಲೇ ಬಂದ ವಾರದ ರಜೆಯ ದಿನ ಈಶ್ವರಮ್ಮ ಬಸ್ಸು ಹತ್ತಿ ಭದ್ರಾವತಿಗೆ ಹೋದಳು. ಹುಲಿಗೆಮ್ಮ ಈಗ ಕಾಗದದ ಕಾರ್ಖಾನೆಯವರ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮಗನ ಮನೆಯಲ್ಲಿದ್ದಳು. ನಾವಿಬ್ಬರೂ ಹೋಗಿ ಗೇಟಿನ ಮುಂದೆ ಕೂರೋಣ, ಇನ್ನೂ ಬದುಕಿರುವ ಹಳಬರನ್ನು ಕರೆಯೋಣ ಎಂದು ಇವಳು ಒಂದೇ ಉಸಿರಿಗೆ ಹೇಳಿದಳು. ಹುಲಿಗೆಮ್ಮ ಒಳಗೆ ಸೊಸೆಯಿರುವ ಕಡೆ ನೋಡಿ ದನಿ ತಗ್ಗಿಸಿದಳು.

"ಸುಮ್ನಿರು ಮಾರಾಯ್ತಿ. ಮಗಂದು ಕೆಲಸ ಇನ್ನೂ ಕಾಯಂ ಆಗಿಲ್ಲ. ಆ ಸಾಹುಕಾರರ ಕೈ ಎಲ್ಲೆಲ್ಲಿ ಇರುತ್ತೋ ಏನೋ. ಸತ್ತೋರಂತೂ ಎದ್ದು ಬರಲ್ಲ."

"ಚಿಲಕ ಎಳೆದೋಳು ನೀನು ಕಣೆ."

"ಅದಕ್ಕೇ ಹೇಳ್ತೀನಿ. ನಂಗೆ ಈಗ್ಲೂ ನಿದ್ದೆ ಬರಲ್ಲ. ಮತ್ತೆ ಅಲ್ಲಿಗೆ ಕರೀಬೇಡ."

ಕಾಫಿ ಕೊಟ್ಟಳು. ಕುಡಿದು ಈಶ್ವರಮ್ಮ ಬಸ್ಸಿಗೆ ಎದ್ದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಶಿವಮೊಗ್ಗದ ತನಕ ಖಾಲಿಯಾಗಿಯೇ ಬಂತು. ಇನ್ನು ಇದಕ್ಕೆ ನಾನೊಬ್ಬಳೇ ಎಂದು ಈಶ್ವರಮ್ಮನಿಗೆ ಖಚಿತವಾಯಿತು.

ಮರುದಿನ ಬೆಂಗಳೂರಿನಿಂದ ಒಂದು ಗುಂಪು ಬಂದಿತ್ತು. ಸಾಹುಕಾರರೇ ಅವರನ್ನು ಸುತ್ತಾಡಿಸುತ್ತಿದ್ದರು. ಬಾರಿನ ನೆಲ ಒರೆಸುತ್ತಿದ್ದ ಈಶ್ವರಮ್ಮ ಮೂಲೆಗೆ ಸರಿದಳು.

"ಐವತ್ತು ವರ್ಷದ ಗಂಧಕದ ಹೊಗೆ ಇದು. ನಾವು ಏನೂ ಸೇರಿಸಿಲ್ಲ."

ಒಬ್ಬ ಹೆಂಗಸು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಗಂಡ ಫೋಟೊ ಹಿಡಿದ. ಅವಳು ಕಪ್ಪನ್ನು ಬೆರಳಿನಿಂದ ಮುಟ್ಟಿ, ಗಂಡನ ಮೂಗಿಗೆ ಹಚ್ಚಿ ಕಿಲಕಿಲ ನಕ್ಕಳು. ಗುಂಪೂ ನಕ್ಕಿತು.

ಈಶ್ವರಮ್ಮನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಉಳಿಯಿತು. ಕೂಗಬೇಕೆನ್ನಿಸಿತು. ಕೂಗದೆ ಬಕೆಟ್ ಎತ್ತಿಕೊಂಡು ಹೊರಗೆ ನಡೆದಳು.

ಅದಾದ ಮೂರನೆಯ ದಿನ, ಯಲ್ಲಮ್ಮ ಸತ್ತ ದಿನವೇ, ಅವಳು ರಜೆ ಹಾಕದೆ ಬಜಾರಿನಿಂದ ಸುಣ್ಣ, ಕುಂಚ ತಂದಳು. ಊಟದ ಹೊತ್ತು ಕಳೆದು ಎಲ್ಲರೂ ಅಡ್ಡಾಗುವ ಸಮಯ. ಬಾರಿಗೆ ಸಂಜೆಯ ತನಕ ಯಾರೂ ಬರುವುದಿಲ್ಲ. ನೆಲ ಒರೆಸುವ ಬಕೆಟಿನಲ್ಲೇ ಸುಣ್ಣ ಕಲಸಿದಳು. ಬಾಟಲಿಗಳನ್ನು ಒಂದೊಂದಾಗಿ ಇಳಿಸಿ ಮೇಜಿನ ಮೇಲಿಟ್ಟಳು, ಒಂದನ್ನೂ ಒಡೆಯಲಿಲ್ಲ. ಕುರ್ಚಿ ಹತ್ತಿ ಕುಂಚ ಎಳೆದಳು. ಕೈಹುಣ್ಣಿಗೆ ಸುಣ್ಣ ಇಳಿದು ಕಣ್ಣಲ್ಲಿ ನೀರು ಬಂತು. ನಿಲ್ಲಿಸಲಿಲ್ಲ. ಕಪ್ಪು ಮೊದಲು ಬೂದುಬಣ್ಣಕ್ಕೆ ತಿರುಗಿತು. ಮತ್ತೆ ಬಳಿದಳು. ಬೆಳ್ಳಗಾಯಿತು. ತಂಗಿಗೆ ಎಣ್ಣೆ ಹಚ್ಚಿ ನೀರೆರೆದ ದಿನಗಳು ನೆನಪಾದವು. "ಆಯ್ತು ತಾಯಿ, ಆಯ್ತು," ಅನ್ನುತ್ತಲೇ ಕೆಳಗಿನ ತನಕ ಬಳಿದಳು. ದೀಪ ಹಚ್ಚಿ, ಗೋಡೆಯ ಬುಡದಲ್ಲೇ ಕೂತಳು.

ಬಾಗಿಲಿಗೆ ಬಂದ ಸಂಜಯ್ ನೋಡಿ ಸಾಹುಕಾರರನ್ನು ಕೂಗಿದ. ಸಾಹುಕಾರರು ಓಡಿಬಂದರು.

"ಏನು ಮಾಡಿದ್ದೀಯ ಗೊತ್ತಾ ಮುದುಕಿ? ಆ ಕಪ್ಪನ್ನ ಎಲ್ಲಿಂದ ತರ್ಲಿ ನಾನು ಈಗ?"

ಈಶ್ವರಮ್ಮ ಎದ್ದು ನಿಂತಳು. ಮೊನ್ನೆ ಬರದಿದ್ದ ದನಿ ಈಗ ಬಂತು.

"ಅದೇನು ಕಷ್ಟ ಸ್ವಾಮಿ? ಮೂರು ಹೆಣ್ಣುಮಕ್ಕಳನ್ನ ಒಳಗೆ ಕೂಡಿ. ಹೊರಗಿಂದ ಚಿಲಕ ಹಾಕಿ ಬೆಂಕಿ ಹಚ್ಚಿ. ಬರುತ್ತೆ."

ಪೊಲೀಸರಿಗೆ ಹೇಳಿ ಎಂದು ಯಾರೋ ಅಂದರು. ಪೇಪರಿನವರೂ ಬರುತ್ತಾರೆ ಎಂದು ಸಂಜಯ್ ಮೆಲ್ಲಗೆ ನೆನಪಿಸಿದ. ಪೊಲೀಸರನ್ನು ಕರೆಯಲಿಲ್ಲ. ಅವಳನ್ನು ಹಿಂಬಾಗಿಲಿಂದ ಹೊರಗೆ ಹಾಕಿದರು. ಗೇಟಿನವರೆಗೆ ಬಂದ ಸಂಜಯ್, "ತಪ್ಪು ಮಾಡಿದ್ರಿ ಅಂತ ನಂಗೆ ಹೇಳೋಕಾಗ್ತಿಲ್ಲ ಅಮ್ಮ," ಎಂದು ಬೇಗ ಬೇಗ ಒಳಗೆ ಹೋದ.

ಬಾರು ಎಷ್ಟೋ ದಿನ ಮುಚ್ಚಿತ್ತು. ಆಮೇಲೆ ಬೆಂಗಳೂರಿನಿಂದ ಒಬ್ಬ ಕಲಾವಿದನನ್ನು ಕರೆಸಿದರು. ಅವನು ಬಣ್ಣ ಬೆರೆಸಿ ಸುಣ್ಣದ ಮೇಲೆಯೇ ಹೊಗೆ ಬರೆದ. ಮೊದಲಿಗಿಂತ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.

ಇದು ಕಿವಿಗೆ ಬಿದ್ದ ಸಂಜೆಯಿಂದ ಈಶ್ವರಮ್ಮ ಹೋಟೆಲಿನ ಗೇಟಿನೆದುರು ಬಂದು ನಿಲ್ಲತೊಡಗಿದಳು. ಪೇಟದವನು ಗದರಿಸಿದ. "ರಸ್ತೆ ಸರ್ಕಾರದ್ದು," ಅಂದಳು. ಮತ್ತೆ ಸೇರಿದ ಖಾನಾವಳಿಯ ಪಾತ್ರೆ ಮುಗಿಸಿ ದಿನವೂ ಒಬ್ಬಳೇ ಬರುತ್ತಿದ್ದಳು, ಒಬ್ಬಳೇ ಹೋಗುತ್ತಿದ್ದಳು. ಭದ್ರಾವತಿಯಿಂದ ಯಾರೂ ಬರಲಿಲ್ಲ.

ಒಂದು ಸಂಜೆ ದೊಡ್ಡ ಕಾರೊಂದು ತಿರುವಿನಲ್ಲಿ ನಿಧಾನವಾಯಿತು. ಗಾಜು ಇಳಿಯಿತು.

"ಬೆಂಕಿಪೊಟ್ಟಣದ ಹೋಟೆಲು ಇದೇನಾ?"

"ಇದೇ ಸ್ವಾಮಿ. ಒಳಗೆ ಬಾರಿನಲ್ಲಿ ಒಂದು ಕಪ್ಪು ಗೋಡೆ ಇದೆ. ಅಲ್ಲಿ ಬೆಂದು ಸತ್ತೋರ ಹೆಸರು ಕೇಳ್ಕೊಂಡು ಹೋಗಿ. ಯಲ್ಲಮ್ಮ, ಖೈರುನ್ನೀಸಾ…"

ಗಾಜು ಮೇಲೇರಿತು. ಕಾರು ಒಳಗೆ ಹೋಯಿತು. ಈಶ್ವರಮ್ಮ ಉಳಿದ ಹೆಸರನ್ನು ಮುಚ್ಚಿದ ಗೇಟಿಗೇ ಹೇಳಿ ಮುಗಿಸಿದಳು. ಸೇತುವೆಯ ಕಡೆಯಿಂದ ಇನ್ನೊಂದು ಕಾರಿನ ಬೆಳಕು ಬರುತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡು ರಸ್ತೆಗೆ ಎರಡು ಹೆಜ್ಜೆ ಇಳಿದಳು.